ಕೀಲಿಮಣೆಯ ಮೌನವ್ರತ

ಲ್ಯಾಪ್‌ಟಾಪ್ ಪೂರ್ತಿ ಕೆಟ್ಟುಹೋದರೆ ಅದರಲ್ಲೂ ಒಂದು ಬಗೆಯ ನಿಶ್ಚಿಂತೆಯಿದೆ. ಮುಚ್ಚಿ ಚೀಲಕ್ಕೆ ಹಾಕಿ ರಿಪೇರಿಯವರ ಮುಂದಿಟ್ಟರಾಯಿತು. ಆದರೆ ಪರದೆ ಬೆಳಗುತ್ತಿದ್ದು, ಮೂಲೆಯ ಗಡಿಯಾರ ಮುಂದೆ ಸರಿಯುತ್ತಿದ್ದು, ಒಳಗಿನ ಫ್ಯಾನು ಎಂದಿನಂತೆ ಗುಂಯ್ ಎನ್ನುತ್ತಿದ್ದು, ಕೀಲಿಮಣೆ ಮಾತ್ರ ಜಪ್ಪಯ್ಯ ಎಂದರೂ ಮಾತಾಡದಿದ್ದರೆ ಆಗುವ ಸಂಕಟವೇ ಬೇರೆ. ಪರಿಹಾರ ಹುಡುಕೋಣವೆಂದರೆ ಹುಡುಕುವ ಪದವನ್ನು ಟೈಪ್ ಮಾಡಬೇಕು. ರೀಸ್ಟಾರ್ಟ್ ಮಾಡೋಣವೆಂದರೆ ಅದು ಎದ್ದೊಡನೆ ಪಾಸ್‌ವರ್ಡ್ ಕೇಳುತ್ತದೆ. ಇಂಥ ಹೊತ್ತಿನಲ್ಲಿ ಮನುಷ್ಯರೆಲ್ಲರೂ ಮಾಡುವ ಮೊದಲ ಕೆಲಸವೆಂದರೆ ಅದೇ ಕೀಲಿಯನ್ನು ಇನ್ನಷ್ಟು ಜೋರಾಗಿ ಒತ್ತುವುದು. ಕೀಲಿಯ ಅಡಿಯಲ್ಲಿರುವ ಸಂಪರ್ಕಕ್ಕೆ ಕೂಡುವುದು ಮತ್ತು ಬಿಡುವುದು ಇವೆರಡೇ ಗೊತ್ತು, ನಮ್ಮ ಸಿಟ್ಟಿನ ಪ್ರಮಾಣ ಅದಕ್ಕೆ ತಲುಪುವುದಿಲ್ಲ.

ಹಾಗೆ ಜೋರಾಗಿ ಒತ್ತುವ ಬದಲು ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ, ಅದರ ದೀಪವನ್ನು ನೋಡಬೇಕು. ಸಾಮಾನ್ಯವಾಗಿ ಆ ದೀಪವನ್ನು ಹೊತ್ತಿಸುವುದು ಕೀಲಿಯಲ್ಲ, ಯಂತ್ರವನ್ನು ನಡೆಸುವ ವಿಂಡೋಸಿನಂಥ ಆಪರೇಟಿಂಗ್ ಸಿಸ್ಟಮ್. ಆದ್ದರಿಂದ ದೀಪ ಹೊತ್ತಿ ಆರುತ್ತಿದ್ದರೆ ನಮ್ಮ ಬೆರಳಿನ ಮಾತು ಒಳಗಿನವರೆಗೆ ಹೋಗಿ ಉತ್ತರವೂ ಮರಳಿ ಬಂದಿದೆ ಎಂದೇ ಅರ್ಥ. ಇನ್ನೊಂದು ಪರೀಕ್ಷೆ ಇದಕ್ಕಿಂತ ಖಚಿತವಾದದ್ದು. ಯಂತ್ರವನ್ನು ಆನ್ ಮಾಡಿದ ಕೂಡಲೇ, ವಿಂಡೋಸ್ ಇನ್ನೂ ಕಣ್ಣು ಬಿಡುವ ಮೊದಲು, ಯಂತ್ರದ ಮೂಲ ಸೆಟ್ಟಿಂಗ್ಸ್ ಇರುವ ಬಯೋಸ್ ಎಂಬ ಪರದೆಗೆ ಹೋಗಿ ಬಾಣದ ಕೀಲಿಗಳನ್ನು ಒತ್ತಿ ನೋಡುವುದು. ಅಲ್ಲಿ ಅವು ಸರಿಯಾಗಿ ಓಡಾಡಿದರೆ ಕೀಲಿಮಣೆ ಬಹುಮಟ್ಟಿಗೆ ಆರೋಗ್ಯವಾಗಿಯೇ ಇದೆ, ದೋಷವಿರುವುದು ಹೆಚ್ಚಾಗಿ ಸಾಫ್ಟ್‌ವೇರಿನಲ್ಲಿ.

ಆ ದೋಷವೂ ಬಹುಪಾಲು ದೋಷವಲ್ಲ, ವಿಧೇಯತೆ ಎಂಬುದು ನನ್ನ ಅಭಿಪ್ರಾಯ. ವಿಂಡೋಸಿನಲ್ಲಿ ಬಲಗಡೆಯ ಶಿಫ್ಟ್ ಕೀಲಿಯನ್ನು 8 ಸೆಕೆಂಡು ಹಿಡಿದರೆ ಫಿಲ್ಟರ್ ಕೀಸ್ ಎಂಬ ಸೌಲಭ್ಯ ಬೇಕೇ ಎಂದು ಅದು ಕೇಳುತ್ತದೆ. ಕೈ ನಡುಗುವವರಿಗೆ ನೆರವಾಗಲೆಂದು, ಅರೆಕ್ಷಣ ತಾಕಿದ ಕೀಲಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವ ಏರ್ಪಾಡು ಅದು. ಮುಂದಿನ ವಾಕ್ಯ ಹೊಳೆಯದೆ ಕಿರುಬೆರಳನ್ನು ಶಿಫ್ಟಿನ ಮೇಲೆ ಊರಿ ಕುಳಿತವರು, ಎದ್ದು ಬಂದ ಪ್ರಶ್ನೆಯನ್ನು ಓದದೆಯೇ ಎಂಟರ್ ಒತ್ತಿಬಿಡುತ್ತಾರೆ. ಅಲ್ಲಿಂದ ಮುಂದೆ ಎಷ್ಟು ಬೇಗ ಬಡಿದರೆ ಅಷ್ಟೂ ವ್ಯರ್ಥ; ಒಂದೊಂದು ಕೀಲಿಯನ್ನೂ ಸಾವಧಾನವಾಗಿ ಒತ್ತಿ ಹಿಡಿದರೆ ಮಾತ್ರ ಅಕ್ಷರ ಮೂಡುತ್ತದೆ. ಸಿಟ್ಟು ಬಂದವನಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆಯನ್ನು ಯಾರೂ ರೂಪಿಸಲಾರರು.

ಅಂಕಿಗಳಿಗೆ ಪ್ರತ್ಯೇಕ ಜಾಗವಿಲ್ಲದ ಕೆಲವು ಸಣ್ಣ ಲ್ಯಾಪ್‌ಟಾಪುಗಳಲ್ಲಿ ನಮ್ ಲಾಕ್ ಎಂಬ ಅಂಕಿಗಳ ಕೀಲಿ ಆನ್ ಆಗಿಬಿಟ್ಟರೆ ಜೆ, ಕೆ, ಎಲ್ ಎಂಬ ಕೀಲಿಗಳು 1, 2, 3 ಎಂದು ಬರೆಯತೊಡಗುತ್ತವೆ. ಬೇರೆಡೆಯಾದರೆ ಕಣ್ಣಿಗೆ ಕಾಣುತ್ತದೆ. ಪಾಸ್‌ವರ್ಡಿನ ಜಾಗದಲ್ಲಿ ಎಲ್ಲವೂ ಕಪ್ಪು ಚುಕ್ಕೆಗಳೇ ಆದ್ದರಿಂದ ಗುಟ್ಟು ರಟ್ಟಾಗುವುದಿಲ್ಲ, ಮರೆತುಹೋಯಿತೇನೋ ಎಂದು ನಾವು ನಮ್ಮ ನೆನಪನ್ನೇ ಶಂಕಿಸುತ್ತೇವೆ.

ಟ್ರ್ಯಾಕ್‌ಪ್ಯಾಡಿನ ಕಥೆಯೂ ಹೀಗೆಯೇ. ಮೇಲಿನ ಸಾಲಿನ ಎಫ್ ಕೀಲಿಗಳಲ್ಲೊಂದರ ಮೇಲೆ ಪುಟ್ಟ ಆಯತದ ಚಿತ್ರವಿರುತ್ತದೆ. ಎಫ್‌ಎನ್ ಎಂಬ ಕೀಲಿಯ ಜೊತೆ ಅದನ್ನು ಒತ್ತಿದರೆ ಟ್ರ್ಯಾಕ್‌ಪ್ಯಾಡ್ ನಿದ್ದೆಹೋಗುತ್ತದೆ. ಮೌಸ್ ಸಿಕ್ಕಿಸಿದಾಗ ಟ್ರ್ಯಾಕ್‌ಪ್ಯಾಡ್ ಬೇಡ ಎಂಬ ಆಯ್ಕೆಯೂ ಸೆಟ್ಟಿಂಗ್ಸಿನಲ್ಲಿದೆ. ವೈರ್‌ಲೆಸ್ ಮೌಸನ್ನು ಮೇಜಿನ ಖಾನೆಯಲ್ಲಿ ಬಿಟ್ಟು ಬಂದಿದ್ದರೂ ಅದರ ಉಗುರಿನಷ್ಟು ಗಾತ್ರದ ರಿಸೀವರ್ ಯುಎಸ್‌ಬಿ ಕಿಂಡಿಯಲ್ಲೇ ಉಳಿದಿದ್ದರೆ, ಮೌಸ್ ಇದೆಯೆಂದೇ ಯಂತ್ರ ನಂಬಿರುತ್ತದೆ. ಇನ್ನು ಆಫ್ ಮಾಡಿ ಆನ್ ಮಾಡಿ ಎಂಬ ಸರ್ವರೋಗ ನಿವಾರಕ ಔಷಧಿಯೂ 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಸ್ವಲ್ಪ ಸಪ್ಪೆಯಾಗಿದೆ. ಬೇಗ ಏಳಬೇಕೆಂದು ಅದು ಶಟ್‌ಡೌನ್ ಆಗುವಾಗ ತನ್ನ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿ, ಎದ್ದಾಗ ಅದನ್ನೇ ಮತ್ತೆ ಹೊದ್ದುಕೊಳ್ಳುತ್ತದೆ. ಎಲ್ಲವನ್ನೂ ಹೊಸದಾಗಿ ಆರಂಭಿಸುವುದು ರೀಸ್ಟಾರ್ಟ್ ಮಾತ್ರ.

ನಿಜವಾದ ಕಾಯಿಲೆಗೆ ಬೇರೆಯೇ ಲಕ್ಷಣಗಳಿವೆ. ಪ್ರತಿ ಕೀಲಿಗೂ ಒಂದೊಂದು ತಂತಿ ಎಳೆದಿರುವುದಿಲ್ಲ. ಅಡ್ಡಗೆರೆ ಮತ್ತು ಉದ್ದಗೆರೆಗಳ ಬಲೆಯೊಂದು ಅಡಿಯಲ್ಲಿದ್ದು, ಯಾವ ಅಡ್ಡಗೆರೆ ಯಾವ ಉದ್ದಗೆರೆಯನ್ನು ಮುಟ್ಟಿತು ಎಂಬುದರಿಂದ ಒತ್ತಿದ ಕೀಲಿ ಯಾವುದೆಂದು ತಿಳಿಯುತ್ತದೆ. ಹಾಗಾಗಿ ಒಂದೇ ಕೀಲಿ ಮುನಿಸಿಕೊಂಡರೆ ಧೂಳನ್ನು ಸಂಶಯಿಸಬಹುದು. ಒಂದಕ್ಕೊಂದು ನಂಟಿಲ್ಲದಂತೆ ಕಾಣುವ ನಾಲ್ಕಾರು ಕೀಲಿಗಳು ಒಟ್ಟಿಗೇ ಸುಮ್ಮನಾದರೆ ಅವೆಲ್ಲವೂ ಹಂಚಿಕೊಂಡಿರುವ ಗೆರೆಯೊಂದು ಕಡಿದಿದೆ, ಅಥವಾ ಕೀಲಿಮಣೆಯನ್ನು ಯಂತ್ರದೊಳಕ್ಕೆ ಜೋಡಿಸುವ ಪಟ್ಟಿಯಂಥ ರಿಬ್ಬನ್ ಕೇಬಲ್ ಸಡಿಲವಾಗಿದೆ. ಒಳಗೆ ನೀರು ಚೆಲ್ಲಿದವರಿಗೆ ಇಷ್ಟೆಲ್ಲ ತರ್ಕ ಬೇಕಿಲ್ಲ, ಅವರು ಮೊದಲು ಚಾರ್ಜರ್ ಕಿತ್ತು ಯಂತ್ರವನ್ನು ಆಫ್ ಮಾಡಲಿ.

ಧೂಳನ್ನು ಹಗುರವಾಗಿ ಕಾಣುವಂತಿಲ್ಲ. ಆ್ಯಪಲ್ ಕಂಪನಿ 2015ರಲ್ಲಿ ಬಟರ್‌ಫ್ಲೈ ಎಂಬ ತೀರ ತೆಳುವಾದ ಕೀಲಿಮಣೆಯನ್ನು ತಂದಾಗ ಸಣ್ಣದೊಂದು ಕಣ ಹೊಕ್ಕರೂ ಕೀಲಿ ಕಚ್ಚಿಕೊಳ್ಳುತ್ತದೆಂಬ ದೂರುಗಳು ಎದ್ದವು. ಲ್ಯಾಪ್‌ಟಾಪನ್ನು 75 ಡಿಗ್ರಿ ಕೋನದಲ್ಲಿ ಓರೆಯಾಗಿ ಹಿಡಿದು, ಒತ್ತಡದ ಗಾಳಿಯನ್ನು ಎಡದಿಂದ ಬಲಕ್ಕೆ ಬೀಸಿ, ಬಳಿಕ ಅದನ್ನು ತಿರುಗಿಸಿ ಮತ್ತೆ ಬೀಸಬೇಕೆಂದು ಕಂಪನಿಯೇ ವಿಧಿ ಹೇಳಿಕೊಟ್ಟಿತು. ಇಷ್ಟು ನಿಷ್ಠೆಯಿಂದ ಕೋನಮಾಪಕ ಹಿಡಿದು ನಿಂತವರು ಎಷ್ಟು ಮಂದಿಯೋ! 2018ರಲ್ಲಿ ಉಚಿತ ರಿಪೇರಿಯ ಯೋಜನೆ ಬಂತು, 2019ರಲ್ಲಿ ಕಂಪನಿ ಕೀಲಿಯಡಿಯ ಕಡ್ಡಿಗಳು ಕತ್ತರಿಯಂತೆ ಮಡಚುವ ಹಳೆಯ ಮಾದರಿಗೆ ಮರಳತೊಡಗಿತು.

ಇಷ್ಟರ ನಡುವೆ ಭಯಪಡಬೇಕಾದದ್ದು ಒಂದೇ. ಅನೇಕ ಲ್ಯಾಪ್‌ಟಾಪುಗಳಲ್ಲಿ ಟ್ರ್ಯಾಕ್‌ಪ್ಯಾಡಿನ ಕೆಳಗೇ ಬ್ಯಾಟರಿ ಇರುತ್ತದೆ. ಹಳೆಯ ಲಿಥಿಯಂ ಬ್ಯಾಟರಿಯೊಳಗೆ ಅನಿಲ ತುಂಬಿ ಅದರ ಹೊಟ್ಟೆ ಉಬ್ಬಿದಾಗ, ಮೊದಲು ಕ್ಲಿಕ್ ಬಿಗಿಯಾಗುತ್ತದೆ, ಆಮೇಲೆ ಇಲ್ಲವಾಗುತ್ತದೆ, ಕೊನೆಗೆ ಟ್ರ್ಯಾಕ್‌ಪ್ಯಾಡಿನ ಒಂದು ಅಂಚು ಮೇಲೆದ್ದು ಬೆರಳಿಗೆ ತಾಕುತ್ತದೆ. ಅದನ್ನು ಒತ್ತಿ ಕೂರಿಸಲು ಹೋಗುವುದು ಬೆಂಕಿಯೊಡನೆ ಸರಸ. ಯಂತ್ರವನ್ನು ಆರಿಸಿ, ಚಾರ್ಜ್ ಮಾಡದೆ, ಬಲ್ಲವರ ಕೈಗೆ ಕೊಡುವುದೊಂದೇ ದಾರಿ.

ಉಳಿದವರು ಯುಎಸ್‌ಬಿ ಕೀಲಿಮಣೆಯೊಂದನ್ನು ತಂದು ಸಿಕ್ಕಿಸಿ ನೆಮ್ಮದಿಯಾಗುತ್ತಾರೆ. ಮೇಜಿನಲ್ಲಿ ಜಾಗವಿಲ್ಲವೆಂದು ಅದನ್ನು ಲ್ಯಾಪ್‌ಟಾಪಿನ ಮೇಲೆಯೇ ಹೇರುವವರೂ ಇದ್ದಾರೆ. ಅಡಿಯಲ್ಲಿರುವುದು ಪೂರ್ತಿ ಸತ್ತಿದ್ದರೆ ಚಿಂತೆಯಿಲ್ಲ; ಅರ್ಧ ಜೀವ ಉಳಿದಿದ್ದು, ಆ ಭಾರಕ್ಕೆ ಸಿಕ್ಕಿದ ಕೀಲಿ ಬ್ಯಾಕ್‌ಸ್ಪೇಸ್ ಆಗಿದ್ದರೆ ಮಾತ್ರ, ಹೊರಗಿನದು ಬರೆದದ್ದನ್ನೆಲ್ಲ ಒಳಗಿನದು ಅಳಿಸುತ್ತಲೇ ಹೋಗುತ್ತದೆ.