ಒಂದು ಬಿದ್ದರೆ ಗೋವಿಂದ

ತುಮಕೂರಿನ ಎಸ್‌.ಎಸ್‌. ಪುರಂನ ಮಹಡಿ ಮನೆಯೊಂದರಲ್ಲಿ ನಾವು ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆಯೊಳಗೆ ಸಾಹಸಕ್ಕೆ ಹೊರಡುವ ಆಟ. ಪ್ರತಿ ಪಾತ್ರಕ್ಕೂ ಒಂದು ಹಾಳೆ. ಬಲ, ಚುರುಕು, ಬುದ್ಧಿ ಅಂತ ಆರು ಗುಣಗಳಿಗೆ ಅಂಕ. ಮಿಕ್ಕಿದ್ದು ಬಾಯಿಮಾತು ಮತ್ತು ದಾಳ.

ನಮ್ಮಲ್ಲೊಬ್ಬರು ಬ್ಯಾಂಕ್ ಕ್ಯಾಷಿಯರ್. ಇರುವೆ ಕಂಡರೂ ಸುತ್ತು ಹಾಕಿ ಹೋಗುವ ಸಾಧು. ಆಟದಲ್ಲಿ ಮಾತ್ರ ಕೊಡಲಿ ಹಿಡಿದ ಬಾರ್ಬೇರಿಯನ್. ಅಪ್ಪನನ್ನು ಕೊಂದವರ ಮೇಲೆ ಸೇಡು, ಎದೆಯ ಮೇಲೆ ಗಾಯ, ಎಲ್ಲ ಪುಟಗಟ್ಟಲೆ ಬರೆದು ತಂದಿದ್ದರು. ಮೊದಲ ಬಾಗಿಲಿಗೆ ಭುಜ ಕೊಟ್ಟು ನುಗ್ಗಿದರು. ದಾಳದಲ್ಲಿ 1 ಬಿತ್ತು, ಅಂದರೆ ಎಲ್ಲಕ್ಕಿಂತ ಕೆಟ್ಟದ್ದು. ಬಾಗಿಲಿಗೆ ಚಿಲಕವೇ ಹಾಕಿರಲಿಲ್ಲ. ವೀರ ಸೀದಾ ಆಚೆಗಿದ್ದ ಬಾವಿಗೆ.

ಆಮೇಲೆ ಅವರು ಡ್ರ್ಯಾಗನ್ನನ್ನೇ ಕೊಂದರು. ಅದು ಯಾರಿಗೂ ನೆನಪಿಲ್ಲ. ಬಾವಿ ಮಾತ್ರ ಎಲ್ಲರ ಬಾಯಲ್ಲಿ.

ದಾಳಕ್ಕೆ 20 ಮುಖ. ಎಲ್ಲಕ್ಕೂ ಸಮಪಾಲು ಅನ್ನುತ್ತಾರೆ ಆಟ ನಡೆಸುವ ಡಂಜನ್ ಮಾಸ್ಟರ್. ಅವರು ಹೈಸ್ಕೂಲಿನ ಗಣಿತದ ಮೇಡಂ. ಕ್ಯಾಷಿಯರ್ ಒಪ್ಪುವುದಿಲ್ಲ. ಕಾರ್ತಿಕದಲ್ಲಿ ಗೂಳೂರು ಗಣಪನ ಮುಂದೆ ದಾಳ ಇಟ್ಟು ತರ್ತೀನಿ ಅಂತ ಕೂತಿದ್ದಾರೆ. ಪಾಪ, ನಿಯಮದ ಪುಸ್ತಕ ಅಷ್ಟು ಕ್ರೂರಿಯೇನಲ್ಲ. ಹೊಡೆಯುವಾಗ 1 ಬಿದ್ದರೆ ಏಟು ತಪ್ಪುತ್ತದೆ, ಅಷ್ಟೇ. ಕತ್ತಿ ಜಾರಿ ಪಕ್ಕದವನ ಕಾಲ ಮೇಲೆ ಬೀಳುವುದು, ಬಿಲ್ಲಿನ ಹೆದೆ ಕಿತ್ತು ಸ್ವಂತ ಮೂಗಿಗೇ ಬಡಿಯುವುದು, ಇವೆಲ್ಲ ಮೇಡಂ ಕೃಪೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟದ ಮಾಸ್ಟರ್ ಪದವಿ ಇದು. ಶಾಲೆಯಲ್ಲಿ ಬೈದು ಸಾಕಾದವರಿಗೆ ಹೇಳಿ ಮಾಡಿಸಿದಂತಿದೆ.

ದಾಳದ ತಪ್ಪೇ ಇಲ್ಲದ ಅನಾಹುತಗಳೂ ಇವೆ. ಮಂತ್ರವಾದಿಯ ಫೈರ್‌ಬಾಲ್ ಸುತ್ತಲೂ 20 ಅಡಿ ಉರಿಯುತ್ತದೆ. ನಮ್ಮವರು, ಅವರವರು ಅಂತ ನೋಡುವುದಿಲ್ಲ. 30-40 ಸೈಟಿನ ನಟ್ಟನಡುವೆ ಹಚ್ಚಿದರೆ ನಾಲ್ಕು ಮೂಲೆ ಬಿಟ್ಟು ಮಿಕ್ಕಿದ್ದೆಲ್ಲ ಬೂದಿ. ನಮ್ಮ ಮಂತ್ರವಾದಿ ರಿಯಲ್ ಎಸ್ಟೇಟ್ ಹುಡುಗ, ಸೈಟಿನ ಅಳತೆ ಅವನಿಗೆ ಬಾಯಿಪಾಠ. ಆದರೂ ಮೊನ್ನೆ ಎರಡು ಗಾಬ್ಲಿನ್‌ಗಳನ್ನು ಸುಡಲು ಹೋಗಿ, ನಮ್ಮ ಗಾಯ ವಾಸಿ ಮಾಡುವ ಕ್ಲೆರಿಕ್ಕನ್ನೂ ಸುಟ್ಟ. ಕ್ಲೆರಿಕ್ಕನ್ನು ನಾವು ಪೂಜಾರಿ ಅಂತಲೇ ಕರೆಯುವುದು.

"ಪೂಜಾರಿ ಸತ್ತ!" ಅಂತ ಎಲ್ಲರೂ ಕೂಗಿದೆವು.

ಅಡುಗೆಮನೆಯಿಂದ ಆ ಮನೆಯ ಅಜ್ಜಿ ಸೌಟು ಹಿಡಿದೇ ಓಡಿ ಬಂದರು. "ಅಯ್ಯೋ, ಯಾವ ಗುಡಿ ಪೂಜಾರಪ್ಪಾ? ನಮಗೇನಾದ್ರೂ ಸೂತಕ ಬರುತ್ತಾ?"

ಪೂಜಾರಿ ಆಡುತ್ತಿದ್ದವನು ಆಗಲೇ ಹೊಸ ಹಾಳೆ ಎಳೆದುಕೊಂಡು, ಸತ್ತವನ ಅವಳಿ ತಮ್ಮನಿಗೆ ಅಂಕ ತುಂಬುತ್ತಿದ್ದ. ತಲೆ ಎತ್ತದೆ ಅಂದ: "ಸೂತಕ ಅಲ್ಲ ಅಜ್ಜಿ, ಪುರುಡು."