ಗುಂಡು ಯಾವುದಾದ್ರೇನು ಅಂದ ಹುಡುಗನಿಗೆ

ನಿನ್ನೆ ಜಯನಗರದಲ್ಲಿ ನೆಂಟರ ಮನೆ ಊಟ. ಅಮೆರಿಕದಿಂದ ರಜೆಗೆ ಬಂದ ಹುಡುಗನೊಬ್ಬ ಪಕ್ಕದಲ್ಲಿ ಕೂತಿದ್ದ. ಕೊಲೊರಾಡೋದಲ್ಲಿ ಲೈಸೆನ್ಸ್ ತಗೊಂಡು ಎಲ್ಕ್ ಬೇಟೆಗೆ ಹೋಗುತ್ತಾನಂತೆ. ಎಲ್ಕ್ ಅಂದರೆ ನಮ್ಮ ಕಡವೆ ತರದ್ದೇ, ಇನ್ನೂ ದೊಡ್ಡದು. ಯಾವ ಗುಂಡು ಹಾಕ್ತೀಯಪ್ಪ ಅಂತ ಕೇಳಿದೆ. "ನಂದು .300 ವಿಂಚೆಸ್ಟರ್ ಮ್ಯಾಗ್ನಮ್ ಅಂಕಲ್, ಗುಂಡು ಯಾವುದಾದ್ರೇನು, ಅಗ್ಗಕ್ಕೆ ಸಿಕ್ಕಿದ ಡಬ್ಬಿ ತರ್ತೀನಿ" ಅಂದ. ಭಾರಿ ವೇಗದ ಗುಂಡು ಹಾರಿಸೋ ರೈಫಲ್ ಅದು. ಆಮೇಲೆ ನನಗೆ ಊಟ ಸೇರಲಿಲ್ಲ.

ಯಾವುದಾದ್ರೇನು ಅಂದರೆ ಹೇಗೆ? ಪ್ರಾಣಿ ಎಷ್ಟು ದೂರದಲ್ಲಿದೆ ಅನ್ನೋದು ಲೆಕ್ಕಕ್ಕೇ ಇಲ್ವಾ?

ಅವನ ಕೋವಿಯಿಂದ 180 ಗ್ರೇನ್, ಅಂದರೆ ಹನ್ನೆರಡು ಗ್ರಾಂ ಹತ್ತಿರ ತೂಕದ ಗುಂಡು ಸೆಕೆಂಡಿಗೆ ಸುಮಾರು 2950 ಅಡಿ ವೇಗದಲ್ಲಿ ಹೊರಡುತ್ತದೆ. ದಟ್ಟ ಕಾಡಿನಲ್ಲಿ 40 ಗಜದಲ್ಲಿ ಎಲ್ಕ್ ಎದುರಾದರೆ ಆ ವೇಗ ಹೆಚ್ಚುಕಡಿಮೆ ಹಾಗೇ ಇರುತ್ತದೆ. ತೆಳು ತಾಮ್ರದ ಹೊದಿಕೆಯ ಮೆತ್ತನೆ ಸೀಸದ ಗುಂಡು ಹೆಗಲ ಮೂಳೆಗೆ ಬಡಿದು ಅಲ್ಲೇ ಪುಡಿಯಾಗಬಹುದು. ಶ್ವಾಸಕೋಶದವರೆಗೆ ಹೋಗೋದೇ ಇಲ್ಲ. ಅಮೆರಿಕದ ಬೇಟೆಗಾರ ಜಾನ್ ನಾಸ್ಲರ್‌ಗೆ 1946ರಲ್ಲಿ ಕೆನಡಾದಲ್ಲಿ ಮೂಸ್ ಅನ್ನೋ ಭಾರಿ ಜಿಂಕೆಯ ಬೇಟೆಯಲ್ಲಿ ಆಗಿದ್ದು ಇದೇ. ಆತ ವಾಪಸ್ ಬಂದು ಗುಂಡಿನ ನಡುವೆ ತಾಮ್ರದ ಗೋಡೆಯೊಂದನ್ನು ಇಟ್ಟ. ಮುಂದಿನ ಭಾಗ ಮೈ ಹೊಕ್ಕಾಗ ಅಣಬೆ ಹಾಗೆ ಅಗಲವಾಗಿ ಅರಳುತ್ತದೆ, ಹಿಂದಿನದು ಗಟ್ಟಿಯಾಗಿ ಒಳಗೆ ನುಗ್ಗುತ್ತದೆ. 1948ರಿಂದ ಅದು ಪಾರ್ಟಿಷನ್ ಅನ್ನೋ ಹೆಸರಲ್ಲಿ ಮಾರಾಟದಲ್ಲಿದೆ.

ದೂರ ಜಾಸ್ತಿಯಾದರೆ ತೊಂದರೆ ಉಲ್ಟಾ. .308 ಅನ್ನೋ ಇನ್ನೊಂದು ಬಗೆಯ ರೈಫಲ್‌ನ ಸಾಧಾರಣ 150 ಗ್ರೇನ್ ಗುಂಡು 2800 ಅಡಿ ವೇಗದಲ್ಲಿ ಹೊರಟು 300 ಗಜ ಮುಟ್ಟುವಾಗ 2000ಕ್ಕೆ ಇಳಿದಿರುತ್ತದೆ, 400 ಗಜಕ್ಕೆ 1800ಕ್ಕಿಂತ ಕೆಳಗೆ. ಸಾಮಾನ್ಯವಾಗಿ ಬೇಟೆ ಗುಂಡು ಸರಿಯಾಗಿ ಅರಳೋದಕ್ಕೆ 1800 ಬೇಕು. ಪೂರ್ತಿ ತಾಮ್ರದ ಗುಂಡುಗಳಲ್ಲಿ ಹಲವಕ್ಕೆ 2000 ಅಡಿಯೇ ಬೇಕು. ಅರಳದಿದ್ದರೆ ಪೆನ್ಸಿಲ್ ತೂರಿದ ಹಾಗೆ ಒಂದು ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ. ಪ್ರಾಣಿ ಓಡುತ್ತದೆ, ಎಲ್ಲೋ ನರಳಿ ಸಾಯುತ್ತದೆ. ಕೋವಿಯ ಬಾಯಲ್ಲಿ ಎಷ್ಟು ವೇಗ ಅನ್ನೋದಲ್ಲ ಮಾತು, ಪ್ರಾಣಿಯ ಮೈಗೆ ತಾಗುವಾಗ ಎಷ್ಟು ಅನ್ನೋದು. ನಮ್ಮ ಬೆಂಗಳೂರಿನ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಕೈಯಲ್ಲಿದ್ದ .405 ವಿಂಚೆಸ್ಟರ್ ರೈಫಲ್‌ನ 300 ಗ್ರೇನ್ ಗುಂಡು ನಿಧಾನದ್ದು, 2200 ಅಡಿ ಅಷ್ಟೇ. ಆದರೆ ಹತ್ತಿರದ ಹುಲಿ ಚಿರತೆಗೆ ಅದು ಹೇಳಿ ಮಾಡಿಸಿದ್ದು. ಅದನ್ನೇ 400 ಗಜಕ್ಕೆ ಒಯ್ದರೆ ಕೆಲಸಕ್ಕೆ ಬರಲ್ಲ.

"ಗುಂಡು ಬೀಳೋ ಜಾಗ ಮುಖ್ಯ, ಗುಂಡಲ್ಲ" ಅಂತ ಅವನು ವಾದ ಮಾಡಿದ. ಜಾಗ ಮುಖ್ಯ, ಒಪ್ಪಿದೆ. ಆದರೆ ಸರಿಯಾದ ಜಾಗಕ್ಕೆ ಬಿದ್ದ ಗುಂಡು ಒಳಗೆ ತನ್ನ ಕೆಲಸ ಮಾಡದೇ ಇದ್ದರೆ ಆ ಗುರಿ ಇಟ್ಟು ಏನು ಬಂತು?

ನಮ್ಮದು ಕೊಡಗಿನ ಮನೆ ಅಂತ ನಿಮಗೆಲ್ಲ ಗೊತ್ತು. ಇದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. 1971, ನನಗೆ 11 ವರ್ಷ. ಗದ್ದೆಯಾಚೆ ಕಾಡುಹಂದಿ ನಿಂತಿತ್ತು, 70 ಗಜ ಇದ್ದೀತು. ತಾತನ ತೋಟಾಕೋವಿಯಲ್ಲಿ ಎಲ್‌ಜಿ, ಅಂದರೆ ದಪ್ಪ ಚರೆ ತುಂಬಿದ ತೋಟಾ, ಇತ್ತು. ಅಷ್ಟು ದೂರಕ್ಕೆ ಅದರ ಚರೆ ಚದುರಿ ಹೋಗುತ್ತದೆ. ತಾತನಿಗೆ ಅದು ಗೊತ್ತಿತ್ತು, ಕೋವಿ ಇಳಿಸಿದರು. "ಹೊಡೀರಿ ತಾತ, ಹೊಡೀರಿ" ಅಂತ ಗೋಗರೆದವನು ನಾನು. ಹೊಡೆದರು. ಹಂದಿ ಕಿರುಚಿಕೊಂಡು ಕಾಫಿ ತೋಟಕ್ಕೆ ನುಗ್ಗಿತು. ಮೂರನೇ ದಿನ ತೋಡಿನಲ್ಲಿ ಸಿಕ್ಕಿತು, ಹೊಟ್ಟೆ ತುಂಬ ಹುಳ. ತಾತ ನನ್ನನ್ನು ಬೈಯಲಿಲ್ಲ. ಆ ವರ್ಷ ಅವರು ಮತ್ತೆ ಕಾಡಿಗೆ ಹೋಗಲಿಲ್ಲ. ಮರುವರ್ಷ ವನ್ಯಜೀವಿ ಕಾಯ್ದೆ ಬಂತು. ಬಂದಿದ್ದು ಒಳ್ಳೆಯದೇ ಆಯಿತು.

ಇಲ್ಲಿ ಬೇಟೆ ಬೇಡ, ಬೇಡವೇ ಬೇಡ. ಆದರೆ ಕಾನೂನು ಬಿಟ್ಟಿರುವ ಕಡೆ ಹೋಗಿ ಹೊಡೆಯುವವನು ಇಷ್ಟಾದರೂ ತಿಳಿದಿರಬೇಕು ಅಲ್ವಾ?

ಹುಡುಗ ನಾಳೆ ರಾತ್ರಿ ವಿಮಾನ ಹತ್ತುತ್ತಾನೆ. ಅವರಮ್ಮ ನನ್ನ ಫ್ರೆಂಡ್ ಲಿಸ್ಟಲ್ಲಿ ಇದ್ದಾರೆ, ದಯವಿಟ್ಟು ಇದನ್ನು ಅವನಿಗೆ ಓದಿ ಹೇಳಿ. ಡಬ್ಬಿ ಕೊಳ್ಳೋ ಮೊದಲು ಅದರ ಮೇಲೆ ಬರೆದಿದ್ದನ್ನು ಫೋಟೋ ತೆಗೆದು ಕಳಿಸಲಿ, ಎಷ್ಟು ಗಜದಿಂದ ಹೊಡೀತಾನೆ ಅಂತಲೂ ಬರೆಯಲಿ. ನಡುರಾತ್ರಿ ಆದರೂ ಪರವಾಗಿಲ್ಲ, ಕೂತು ನೋಡಿ ಹೇಳ್ತೀನಿ.