ಲಿಫ್ಟಿನ ಕಣ್ಣಿಗೆ ಬಟ್ಟೆ

ಬೆಳಿಗ್ಗೆಯಿಂದ ತಲೆ ಕಾದ ಹೆಂಚಾಗಿದೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬರೆದರೆ ‘ಅಂಕಲ್, ಟೆನ್ಷನ್ ಮಾಡ್ಕೋಬೇಡಿ’ ಅಂತ ಎರಡು ಕೈಮುಗಿಯುವ ಚಿತ್ರ ಬರುತ್ತೆ. ಅದಕ್ಕೇ ಇಲ್ಲಿ.

ಹಾಲು ತಗೊಂಡು ಬರುತ್ತಿದ್ದೆ. ಮೂರನೇ ಮಹಡಿಯ ಅಜ್ಜಿ, ಎಂಬತ್ತು ದಾಟಿದವರು, ಹೂವಿನ ಬುಟ್ಟಿ ಹಿಡಿದುಕೊಂಡು ಲಿಫ್ಟಿನೊಳಗೆ ಕಾಲಿಡುತ್ತಿದ್ದರು. ಬಾಗಿಲು ಮುಚ್ಚಿಕೊಳ್ಳೋಕೆ ಶುರುವಾಯಿತು. ನಿಲ್ಲಲಿಲ್ಲ. ಅವರ ಭುಜಕ್ಕೆ ತಾಗಿ, ಒತ್ತಿ, ಆಮೇಲೆ ಹಿಂದೆ ಸರಿಯಿತು. ಅಜ್ಜಿ ಗೋಡೆಗೆ ವಾಲಿಕೊಂಡರು, ಪುಣ್ಯಕ್ಕೆ ಬೀಳಲಿಲ್ಲ. ಬುಟ್ಟಿಯ ಕನಕಾಂಬರವೆಲ್ಲ ನೆಲಕ್ಕೆ. ‘ಏನೂ ಆಗಿಲ್ಲಪ್ಪಾ, ನನ್ನದೇ ತಪ್ಪು, ನಾನು ನಿಧಾನ’ ಅಂದರು. ಆ ‘ನನ್ನದೇ ತಪ್ಪು’ ಕೇಳಿ ಮೈ ಉರಿದುಹೋಯಿತು.

ಇಪ್ಪತ್ತಾರು ವರ್ಷ ಲಿಫ್ಟ್ ಸರ್ವೀಸಿನಲ್ಲಿ ಗ್ರೀಸ್ ಮೆತ್ತಿಕೊಂಡವನು ನಾನು, ನಿಮಗೆ ಗೊತ್ತಲ್ಲ. ಬಾಗಿಲು ಒಬ್ಬ ಮನುಷ್ಯನನ್ನು ಮುಟ್ಟಿದ ಮೇಲೆ ವಾಪಸ್ ಹೋಯಿತು ಅಂದರೆ ಏನು ನಡೆದಿದೆ ಅಂತ ಅಲ್ಲೇ ಅರ್ಥವಾಯಿತು. ಮನೆಗೆ ಹೋಗಿ ಛತ್ರಿ ತಂದೆ. ಮುಚ್ಚುತ್ತಿರುವ ಬಾಗಿಲ ನಡುವೆ, ಎಲ್ಲಿಗೂ ತಾಗದ ಹಾಗೆ, ಸೊಂಟದ ಮಟ್ಟದಲ್ಲಿ ಹಿಡಿದೆ. ಬಾಗಿಲು ಬಂದು ಛತ್ರಿಯನ್ನು ಕಚ್ಚಿತು. ಸೆನ್ಸರ್ ಕುರುಡು.

ಬಾಗಿಲಿನ ಅಂಚಿಗೆ ಉದ್ದಕ್ಕೂ ಕಪ್ಪು ಪಟ್ಟಿ ಇರುತ್ತಲ್ಲ, ಅದರ ಒಂದು ಬದಿಯಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳು ಹೊರಡುತ್ತವೆ, ಇನ್ನೊಂದು ಬದಿ ಹಿಡಿದುಕೊಳ್ಳುತ್ತೆ. ನೇರಕ್ಕೂ ಓರೆಗೂ ಹಾಯುವ ಹತ್ತಾರು ಎಳೆಗಳ ಪರದೆ. ಅದಕ್ಕೇ ಲೈಟ್ ಕರ್ಟನ್ ಅನ್ನೋದು. ಒಂದು ಎಳೆ ಕಡಿದರೂ ಬಾಗಿಲು ತೆರೆದುಕೊಳ್ಳಬೇಕು. ಮುಂಚೆ ಬಾಗಿಲಂಚಿಗೆ ಇದ್ದ ಸೇಫ್ಟಿ ಶೂ ಅನ್ನೋ ಚಲಿಸುವ ಪಟ್ಟಿ ಮೈಗೆ ತಾಗಿದ ಮೇಲೆ ಒಳಗೆ ಸರಿದು ಸ್ವಿಚ್ ಒತ್ತುತ್ತಿತ್ತು, ಅಂದರೆ ಮೊದಲು ಪೆಟ್ಟು, ಆಮೇಲೆ ಕ್ಷಮೆ. ಮುಟ್ಟದೆಯೇ ತಿಳಿಯಲಿ ಅಂತ ಈ ಬೆಳಕಿನ ಪರದೆ ಬಂತು. ಲಿಫ್ಟ್ ಸುರಕ್ಷತೆಗೆ ಯುರೋಪಿನ 2014ರ ಇಎನ್ 81-20 ಮಾನದಂಡದ ಪ್ರಕಾರ ಹೊಸ್ತಿಲಿನಿಂದ 25 ಮಿಲಿಮೀಟರ್ ಎತ್ತರದಿಂದ 1600 ಮಿಲಿಮೀಟರ್‌ವರೆಗೆ ಇದು ಕಾವಲು ಕಾಯಬೇಕು, 50 ಮಿಲಿಮೀಟರ್ ದಪ್ಪದ ವಸ್ತು ಕಾಣಿಸಲೇಬೇಕು. ಅಜ್ಜಿಯ ಭುಜ ಅಷ್ಟು ಸಣ್ಣದೇನಲ್ಲ.

ಹಾಗಾದರೆ ಕಣ್ಣು ಯಾಕೆ ಹೋಯಿತು? ಹೋಗಿಲ್ಲ ಸ್ವಾಮಿ, ಕಟ್ಟಿದ್ದಾರೆ. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದೆ, ಸಿಮೆಂಟ್ ಧೂಳು. ಪಟ್ಟಿಯ ಮೇಲೆ ಧೂಳು ಕೂತರೆ ಕಿರಣ ದಾಟೋದಿಲ್ಲ. ಯಾರೋ ಅಡ್ಡ ನಿಂತಿದ್ದಾರೆ ಅಂದುಕೊಂಡು ಬಾಗಿಲು ಮುಚ್ಚಲು ಬಂದು ಮತ್ತೆ ಮತ್ತೆ ತೆರೆಯುತ್ತೆ. ಅದು ಕೆಟ್ಟಿದ್ದಲ್ಲ. ಅನುಮಾನ ಬಂದರೆ ತೆರೆ ಅಂತಲೇ ಅದನ್ನು ಮಾಡಿರೋದು. ಹೋದ ತಿಂಗಳು ಗುಂಪಿನಲ್ಲಿ ‘ಲಿಫ್ಟ್ ಸ್ಟಕ್, ಆಫೀಸಿಗೆ ಲೇಟ್’ ಅಂತ ನಲವತ್ತು ಮೆಸೇಜು. ಎಎಂಸಿ, ಅಂದರೆ ವರ್ಷದ ನಿರ್ವಹಣೆ ಗುತ್ತಿಗೆಯ ಹುಡುಗ ಬಂದ, ಹತ್ತು ನಿಮಿಷದಲ್ಲಿ ಸರಿಮಾಡಿ ಹೋದ. ಎಲ್ಲರೂ ಹೆಬ್ಬೆರಳು ಎತ್ತಿದರು. ಒಣಬಟ್ಟೆಯಲ್ಲಿ ಒರೆಸೋದು ಬಿಟ್ಟು ಅವನು ಮಾಡಿದ್ದು ಲೂಪ್. ಸೆನ್ಸರಿನ ಕಾಂಟ್ಯಾಕ್ಟಿಗೆ ಒಂದು ತುಂಡು ವಯರು. ಇನ್ನು ಲಿಫ್ಟಿನ ಮಿದುಳಾದ ಕಂಟ್ರೋಲರ್‌ಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ‘ದಾರಿ ಖಾಲಿ ಇದೆ’ ಅಂತಲೇ ಸುದ್ದಿ.

ಇವತ್ತು ಫೋನ್ ಮಾಡಿದರೆ ‘ಸರ್, ಬೈಪಾಸ್ ಮಾಡಿದೀನಿ ಅಷ್ಟೇ, ಫೋರ್ಸ್ ಲಿಮಿಟ್ ಇದೆಯಲ್ಲ, ತಾಗಿದ್ರೆ ರಿವರ್ಸ್ ಆಗುತ್ತೆ’ ಅಂದ. ಸರಿ, ಇದೆ. ಮುಚ್ಚುವ ಬಲ 150 ನ್ಯೂಟನ್ ಮೀರಬಾರದು, ಹೆಚ್ಚುಕಡಿಮೆ ಹದಿನೈದು ಕಿಲೋ ತೂಕದಷ್ಟು. ನಿನಗೆ ಅದು ಒಂದು ತಳ್ಳು ಮಗನೇ. ಸೊಂಟದ ಮೂಳೆ ಒಮ್ಮೆ ಮುರಿದು ಕೂಡಿಸಿಕೊಂಡವರಿಗೆ? ಇನ್ನೊಬ್ಬ ಮಹಾಶಯರು, ಸಮಿತಿಯವರು, ‘ಸೆನ್ಸರ್ ಇದ್ದರೂ ನಾಯಿ ಕಟ್ಟಿದ ಹಗ್ಗ, ಸೀರೆ ಸೆರಗು ಕಾಣಿಸಲ್ಲವಂತೆ, ಮತ್ಯಾಕೆ ಬಿಡಿ’ ಅಂದರು. ಕೊಡೆ ಹಿಡಿದರೂ ಕಾಲು ನೆನೆಯುತ್ತೆ ಅಂತ ಕೊಡೆ ಎಸೆಯೋದಾ?

ನನಗೆ ಹೊಟ್ಟೆ ಉರಿಯೋದು ಇನ್ನೊಂದು ಕಾರಣಕ್ಕೆ. ಅದೇ ಮಾನದಂಡದಲ್ಲಿ ಇನ್ನೊಂದು ಮಾತಿದೆ: ಸೆನ್ಸರ್ ಕೆಟ್ಟರೆ ಲಿಫ್ಟ್ ಓಡಿಸಬಹುದು, ಆದರೆ ಬಾಗಿಲಿನ ಚಲನಶಕ್ತಿ 4 ಜೂಲ್ ಮೀರಬಾರದು, ಅಂದರೆ ನಿಧಾನಕ್ಕೆ ಬರಬೇಕು, ಮುಚ್ಚುವಾಗೆಲ್ಲ ಸದ್ದು ಮಾಡಬೇಕು. ‘ನನಗೆ ಕಾಣಿಸ್ತಿಲ್ಲ, ದಾರಿ ಬಿಡ್ರಪ್ಪಾ’ ಅಂತ ಕುರುಡ ಕೋಲು ಕುಟ್ಟಿಕೊಂಡು ಬರೋ ಹಾಗೆ. ಲೂಪ್ ಹಾಕಿದರೆ ಅದೂ ಇಲ್ಲ. ತನಗೆ ಕಾಣಿಸುತ್ತಿಲ್ಲ ಅನ್ನೋದೇ ಲಿಫ್ಟಿಗೆ ಗೊತ್ತಿಲ್ಲ, ಪೂರ್ತಿ ವೇಗದಲ್ಲಿ, ಸದ್ದಿಲ್ಲದೆ ಬರುತ್ತೆ. ನಾವೋ, ಆ ಕಪ್ಪು ಪಟ್ಟಿ ನೋಡಿಕೊಂಡು ಕೈ ಅಡ್ಡ ಹಾಕುತ್ತೇವೆ, ಮಗುವಿನ ಕೈಯನ್ನೂ ಹಾಕಿಸುತ್ತೇವೆ. ಸೆನ್ಸರೇ ಇಲ್ಲದಿದ್ದರೆ ಹೆದರಿಕೊಂಡಾದರೂ ದೂರ ನಿಲ್ಲುತ್ತಿದ್ದೆವು.

ಆ ಹುಡುಗನನ್ನು ಬಾಯಿಗೆ ಬಂದ ಹಾಗೆ ಬೈದೆ. ಬೈದು ಫೋನಿಟ್ಟ ಮೇಲೆ ಕೈ ನಡುಗುತ್ತಿತ್ತು. ಹೇಳೇಬಿಡುತ್ತೇನೆ. ನಾನೂ ಹಾಕಿದ್ದೇನೆ ಲೂಪ್. ತುಂಬಾ ವರ್ಷದ ಹಿಂದೆ, ಒಂದು ಕಲ್ಯಾಣ ಮಂಟಪ, ಬೆಳಿಗ್ಗೆ ಮುಹೂರ್ತ, ಹೆಣ್ಣಿನ ಕಡೆಯವರು ತಲೆ ಮೇಲೆ ನಿಂತಿದ್ದರು. ‘ನಾಳೆ ಬಂದು ತೆಗೀತೀನಿ’ ಅಂದುಕೊಂಡೆ. ನಾಲ್ಕು ದಿನ ಬಿಟ್ಟು ಹೋದೆ. ಯಾರಿಗೂ ಏನೂ ಆಗಿರಲಿಲ್ಲ. ಅದನ್ನು ಇವತ್ತಿನವರೆಗೆ ಹೆಂಡತಿಗೂ ಹೇಳಿರಲಿಲ್ಲ, ಈಗ ಇದನ್ನು ಓದಿ ಬರುತ್ತಾಳೆ, ನೋಡೋಣ.

ಲಾಬಿಯಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸು ಕಟ್ಟು ಹಾಕಿಸಿ ನೇತುಹಾಕಿದ್ದೇವೆ, ಗಣೇಶನ ಪಟದ ಪಕ್ಕದಲ್ಲಿ. ಅದು ಬಂದಾಗ ಈ ವಯರ್ ತುಂಡು ಇರಲಿಲ್ಲ.

ಹನ್ನೊಂದು ಗಂಟೆಗೆ ನಾನೇ ಹಟ ಹಿಡಿದು ಲಿಫ್ಟಿನ ಮೇನ್ ಆಫ್ ಮಾಡಿಸಿದ್ದೇನೆ. ಲೂಪ್ ಕಿತ್ತು, ಪಟ್ಟಿ ಒರೆಸಿ, ನನ್ನ ಎದುರಿಗೆ ಛತ್ರಿ ಹಿಡಿದು ತೋರಿಸಿದ ಮೇಲೇ ಆನ್. ಗುಂಪಿನಲ್ಲಿ ನನಗೆ ಸಹಸ್ರನಾಮ ನಡೀತಿದೆ. ಹುಡುಗ ಸಂಜೆ ಬರುತ್ತಾನಂತೆ. ಅಜ್ಜಿ ಕೆಳಗೆ ವಾಚ್‌ಮನ್ ಕುರ್ಚಿಯಲ್ಲಿ ಕೂತಿದ್ದಾರೆ, ಇದ್ದಷ್ಟು ಹೂವನ್ನೇ ಕಟ್ಟುತ್ತಾ. ಅವರಿಗೆ ಊಟ ಇಳಿಸಿಕೊಂಡು ಹೋಗಬೇಕು, ಐದನೇ ಮಹಡಿಯಿಂದ, ಈ ಮಂಡಿ ಇಟ್ಟುಕೊಂಡು.